ಜೋರಾಗಿ ಎಕ್ಸಲೇಟರ್ ಒತ್ತಿದರೆ ಹಳೆ ಪದ್ಮಿನಿ ಮುಗ್ಗರಿಸುತ್ತದೆ, ಕಾರ್ಬ್ಯುರೇಟರ್ ಬದಲಿಸಬೇಕೇ?

ನೀವು ಕೇಳಿದ್ದು ಇಷ್ಟು: 1980ರ ದಶಕದ ಪ್ರೀಮಿಯರ್ ಪದ್ಮಿನಿ ಕಾರು. ಮೆಲ್ಲ ಹೋದರೆ ಏನೂ ತೊಂದರೆ ಇಲ್ಲ. ಚೆರ್ಕಳದಿಂದ ಮುಳ್ಳೇರಿಯ ಕಡೆಯ ಚಡಾವಿನಲ್ಲೋ, ಬಸ್ಸು ಹಿಂದೆ ಹಾಕುವಾಗಲೋ ಎಕ್ಸಲೇಟರ್ ಪೂರ್ತಿ ಒತ್ತಿದರೆ ಉಸಿರು ಕಟ್ಟಿದ ಹಾಗಾಗುತ್ತದೆ. ಗ್ಯಾರೇಜಿನವರು ಕಾರ್ಬ್ಯುರೇಟರ್ (ಪೆಟ್ರೋಲು, ಗಾಳಿ ಬೆರೆಸಿ ಇಂಜಿನ್‌ಗೆ ಕೊಡುವ ಭಾಗ) ಹೋಗಿದೆ, ಹೊಸದು ಹಾಕುವ ಎನ್ನುತ್ತಿದ್ದಾರೆ.

ಸದ್ಯಕ್ಕೆ ಬೇಡ. ಕಾಸರಗೋಡಿನಲ್ಲಿ ಈಗ ಪದ್ಮಿನಿ ಬಿಚ್ಚಿ ಗೊತ್ತಿರುವ ಮೆಕ್ಯಾನಿಕ್‌ಗಳು ಕಡಿಮೆ. ಇರುವವರಿಗೂ ಪುರುಸೊತ್ತು ಕಡಿಮೆ. ಹಾಗಾಗಿ ಎಲ್ಲದಕ್ಕೂ ಕಾರ್ಬ್ಯುರೇಟರ್ ಮೇಲೆ ಬೆರಳು ತೋರಿಸುವುದು ಅಭ್ಯಾಸವಾಗಿದೆ. ನಾನು ಕುಂಬಳೆಯಲ್ಲಿ ಅಪ್ಪನ ಕಾಲದ ಪದ್ಮಿನಿಯನ್ನು ಈಗಲೂ ಓಡಿಸುವವನು. ನನ್ನ ಅನುಭವದಲ್ಲಿ ಗಾಡಿ ಮುಗ್ಗರಿಸುತ್ತದೆ ಎನ್ನುವುದಕ್ಕಿಂತ ಯಾವ ಹೊತ್ತಿನಲ್ಲಿ ಮುಗ್ಗರಿಸುತ್ತದೆ ಎನ್ನುವುದು ಮುಖ್ಯ. ಒತ್ತಿದ ಕೂಡಲೇ ಒಮ್ಮೆ ತಡೆದು ಆಮೇಲೆ ಸರಿಯಾಗಿ ಎಳೆಯುತ್ತದೋ? ಮೊದಲು ಚೆನ್ನಾಗಿ ಎಳೆದು ಅರ್ಧ ಚಡಾವಿಗೆ ಸೋಲುತ್ತದೋ? ಇಲ್ಲ, ಒತ್ತಿದಷ್ಟು ಹೊತ್ತೂ ತಡೆತಡೆದು ಮಿಸ್ಸಿಂಗ್ ಹೊಡೆಯುತ್ತದೋ? ಈ ಮೂರೂ ಬೇರೆ ಬೇರೆ ರೋಗ. ನೀವು ಬರೆದದ್ದರಲ್ಲಿ ಅದು ಸ್ಪಷ್ಟವಿಲ್ಲ. ಅದಕ್ಕೇ ಇಷ್ಟು ಉದ್ದದ ಉತ್ತರ.

ಮೊದಲನೆಯದೇ ಹೆಚ್ಚು ಕಾಣುವುದು. ಥ್ರಾಟಲ್, ಅಂದರೆ ಎಕ್ಸಲೇಟರ್ ಒತ್ತಿದಾಗ ಗಾಳಿಗೆ ದಾರಿ ಬಿಡುವ ಬಾಗಿಲು, ಒಮ್ಮೆಲೇ ತೆರೆದಾಗ ಗಾಳಿ ತಕ್ಷಣ ಒಳಗೆ ನುಗ್ಗುತ್ತದೆ. ಪೆಟ್ರೋಲು ಭಾರದ್ದು, ಅಷ್ಟು ಬೇಗ ಹಿಂಬಾಲಿಸುವುದಿಲ್ಲ. ಜೊತೆಗೆ ಇಂಜಿನ್‌ಗೆ ಮಿಶ್ರಣ ಒಯ್ಯುವ ಕೊಳವೆಯ, ಅಂದರೆ ಮ್ಯಾನಿಫೋಲ್ಡಿನ, ವ್ಯಾಕ್ಯೂಮ್ (ಹೀರುವ ಸೆಳೆತ) ಬಿದ್ದುಹೋಗಿ, ಆವಿಯಾಗಿದ್ದ ಪೆಟ್ರೋಲಿನಲ್ಲೂ ಒಂದಷ್ಟು ಗೋಡೆಗೆ ಅಂಟಿಕೊಳ್ಳುತ್ತದೆ. ಆ ಒಂದು ಕ್ಷಣ ಇಂಜಿನ್‌ಗೆ ಸಿಗುವುದು ಬರೀ ಗಾಳಿ ಎಂದರೂ ಸರಿ. ಈ ಕೊರತೆ ತುಂಬಲಿಕ್ಕೆ ಪದ್ಮಿನಿಯ ಸೋಲೆಕ್ಸ್ ಕಾರ್ಬ್ಯುರೇಟರಿನ ಪಕ್ಕದಲ್ಲಿ ಒಂದು ಎಕ್ಸಲರೇಟರ್ ಪಂಪ್ ಇರುತ್ತದೆ. ಸಣ್ಣ ಮುಚ್ಚಳ, ಒಳಗೆ ರಬ್ಬರಿನ ತೆಳು ಪೊರೆ, ಅದೇ ಡಯಾಫ್ರಮ್. ಪೆಡಲ್ ಒತ್ತಿದಾಗ ಅದು ಹೋಳಿಯ ಪಿಚಕಾರಿಯ ಹಾಗೆ ಒಂದು ಗುಟುಕು ಪೆಟ್ರೋಲು ಚಿಮ್ಮಿಸುತ್ತದೆ.

ಪರೀಕ್ಷೆಗೆ ಐದು ನಿಮಿಷ ಸಾಕು, ಖರ್ಚಿಲ್ಲ. ಇಂಜಿನ್ ಸ್ವಲ್ಪ ಓಡಿಸಿ, ಬಂದ್ ಮಾಡಿ, ತಣಿಯಲು ಬಿಡಿ. ಏರ್ ಫಿಲ್ಟರ್ ಕಳಚಿ, ಕಾರ್ಬ್ಯುರೇಟರಿನ ಬಾಯಿಯೊಳಗೆ ಟಾರ್ಚ್ ಬಿಟ್ಟು, ಥ್ರಾಟಲ್ ಲಿವರನ್ನು ಕೈಯಲ್ಲಿ ಎಳೆಯಿರಿ. ಎಳೆಯುವಾಗಲೇ ತೆಳ್ಳಗಿನ ನಳಿಗೆಯಿಂದ ಪೆಟ್ರೋಲಿನ ಎಳೆ ತುಂಡಾಗದೆ ಬರಬೇಕು. ಹನಿ ಹನಿಯಾಗಿ ಬಿದ್ದರೆ, ಅಥವಾ ಲಿವರ್ ಅರ್ಧ ದೂರ ಹೋದ ಮೇಲೆ ಬಂದರೆ, ಕಳ್ಳ ಅಲ್ಲೇ ಇದ್ದಾನೆ. ಡಯಾಫ್ರಮ್ ಹರಿದಿರಬಹುದು, ಕೆಳಗಿನ ಬಾಲ್ ವಾಲ್ವಿಗೆ ಅಂಟು ಹಿಡಿದಿರಬಹುದು, ಪಂಪಿನ ರಾಡ್ ಸಡಿಲಾಗಿರಬಹುದು. ಬೀಡಿ ಸಿಗರೇಟು ದೂರ ಇಡಿ ಎಂದು ಬೇರೆ ಹೇಳಬೇಕಿಲ್ಲವಲ್ಲ.

ಡಯಾಫ್ರಮ್ ಈಗೀಗ ಬೇಗ ಹೋಗಲಿಕ್ಕೆ ಕಾರಣ ಪೆಟ್ರೋಲೇ. ಬಂಕಿನಲ್ಲಿ ಸಿಗುವುದರಲ್ಲಿ ಶೇಕಡಾ 20ರ ವರೆಗೆ ಎಥೆನಾಲ್ ಉಂಟು. ನಾವು ಕಾಸು ಉಳಿಸಲು ತಲಪಾಡಿಯ ಗಡಿ ದಾಟಿ ಕರ್ನಾಟಕಕ್ಕೆ ಹೋಗಿ ತುಂಬಿಸಿದರೂ ಅದೇ, ಮಂಜೇಶ್ವರದಲ್ಲಿ ತುಂಬಿಸಿದರೂ ಅದೇ. ಹಳೆಯ ರಬ್ಬರು ಅದಕ್ಕೆ ಉಬ್ಬುತ್ತದೆ, ಆಮೇಲೆ ಗಡುಸಾಗಿ ಬಿರುಕು ಬಿಡುತ್ತದೆ. ಇನ್ನೊಂದು ಲೆಕ್ಕವೂ ಇದೆ: ಬರೀ ಪೆಟ್ರೋಲು ಉರಿಯಲು ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು, ಎಥೆನಾಲಿಗೆ 9 ಪಾಲು ಸಾಕು. ಅಂದರೆ ಹಳೆಯ ಜೆಟ್ಟಿನಲ್ಲಿ (ಕಾರ್ಬ್ಯುರೇಟರಿನೊಳಗೆ ಪೆಟ್ರೋಲು ಹರಿಯುವ ಅಳತೆಯ ತೂತು) ಈಗಿನ ಪೆಟ್ರೋಲು ಹಾಕಿದರೆ ಮಿಶ್ರಣ ತೆಳುವಾಗುತ್ತದೆ. ಮೊದಲೇ ಅಂಚಿನಲ್ಲಿದ್ದ ಗಾಡಿ ಚಡಾವಿನಲ್ಲಿ ಕಾರ್ಬ್ಯುರೇಟರಿನಿಂದ ಸೀನಲಿಕ್ಕೆ ಅಷ್ಟು ಸಾಕು.

ಮಳೆಗಾಲದಲ್ಲಿ ಅರ್ಧ ಟ್ಯಾಂಕಿನಲ್ಲಿ ಗಾಡಿ ನಿಲ್ಲಿಸಿಟ್ಟರೆ ಇನ್ನೂ ಕಷ್ಟ. ನಮ್ಮ ಜೂನ್, ಜುಲೈಯ ತೇವವನ್ನು ಎಥೆನಾಲ್ ಹೀರಿಕೊಳ್ಳುತ್ತದೆ. ಹೆಚ್ಚಾದಾಗ ನೀರಿನ ಜೊತೆ ಅದು ಬೇರೆಯಾಗಿ ತಳಕ್ಕೆ ಇಳಿಯುತ್ತದೆ. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲು ತುಂಬಿ ನಿಲ್ಲುವ ಫ್ಲೋಟ್ ಚೇಂಬರ್ ಬಿಚ್ಚಿದಾಗ ತಳದಲ್ಲಿ ಕೆಂಪು ರಾಡಿ ಕಂಡರೆ ಟ್ಯಾಂಕಿನ ಒಳಗೂ ತುಕ್ಕು ಎಂದೇ ತಿಳಿಯಿರಿ.

ಇಲ್ಲಿಂದ ಎರಡನೆಯ ರೋಗಕ್ಕೆ ಬರಬಹುದು. ಚೆನ್ನಾಗಿ ಎಳೆದು, ಬೋವಿಕ್ಕಾನ ದಾಟುವಷ್ಟರಲ್ಲಿ ಸೋತು, ಕಾಲು ಎತ್ತಿದರೆ ಮತ್ತೆ ಚೇತರಿಸಿಕೊಂಡರೆ ಪೆಟ್ರೋಲು ಬಂದು ಸೇರುತ್ತಿಲ್ಲ. ಚೇಂಬರಿನಲ್ಲಿದ್ದದ್ದು ಖಾಲಿಯಾಗುತ್ತದೆ, ಹಿಂದಿನಿಂದ ಬರುವುದು ಸಾಲದು. ಫ್ಯುಯೆಲ್ ಪಂಪಿನ ಜಾಲರಿ, ಕಾರ್ಬ್ಯುರೇಟರ್ ಬಾಯಿಯ ಜಾಲರಿ, ಬಿರುಕು ಬಿಟ್ಟು ಗಾಳಿ ಎಳೆಯುವ ರಬ್ಬರ್ ಪೈಪು, ಈ ಕ್ರಮದಲ್ಲಿ ನೋಡಿ. ಟ್ಯಾಂಕಿನ ಮುಚ್ಚಳವನ್ನೂ ಮರೆಯಬೇಡಿ. ಅದರ ಗಾಳಿ ರಂಧ್ರ ಮುಚ್ಚಿದ್ದರೆ, ಗಾಡಿ ಸೋತಾಗ ಮುಚ್ಚಳ ತಿರುಗಿಸಿದ ಕೂಡಲೇ 'ಸುಸ್' ಎಂದು ಗಾಳಿ ಒಳಹೋಗುವ ಶಬ್ದ ಕೇಳುತ್ತದೆ.

ಮೂರನೆಯದು, ಅಂದರೆ ಒತ್ತಿದಷ್ಟು ಹೊತ್ತೂ ಮಿಸ್ಸಿಂಗ್ ಹೊಡೆಯುವುದು, ಇಗ್ನಿಷನ್ (ಕಿಡಿ ಹೊತ್ತಿಸುವ ವ್ಯವಸ್ಥೆ) ರೋಗ. ಥ್ರಾಟಲ್ ಪೂರ್ತಿ ತೆರೆದಾಗ ಸಿಲಿಂಡರಿನಲ್ಲಿ ಒತ್ತಡ ಹೆಚ್ಚು. ಆ ಒತ್ತಡದಲ್ಲಿ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು. ಮೆಲ್ಲ ಹೋಗುವಾಗ ಹೇಗೋ ಸುಧಾರಿಸುವ ಕಾಯಿಲ್ (ವೋಲ್ಟೇಜ್ ಏರಿಸುವ ಸುರುಳಿ), ಸೀಳಿದ ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಸರದಿಯಂತೆ ಕರೆಂಟ್ ಹಂಚುವ ಭಾಗ) ಕ್ಯಾಪ್, ಗ್ಯಾಪ್ ದೊಡ್ಡದಾದ ಪ್ಲಗ್ ಎಲ್ಲವೂ ಆಗಲೇ ಕೈಕೊಡುವುದು. ರಾತ್ರಿ ಕತ್ತಲೆಯಲ್ಲಿ ಬಾನೆಟ್ ಎತ್ತಿ ಇನ್ನೊಬ್ಬರಿಗೆ ರೇಸ್ ಮಾಡಲು ಹೇಳಿ ನೋಡಿ. ವಯರುಗಳ ಮೇಲೆ ನೀಲಿ ಕಿಡಿ ಓಡಿದರೆ ಬೇರೆ ಸಾಕ್ಷಿ ಬೇಡ. ಡಿಸ್ಟ್ರಿಬ್ಯೂಟರ್ ಒಳಗೆ ತೆರೆದು ಮುಚ್ಚಿ ಕಾಯಿಲಿನ ಕರೆಂಟ್ ಕಡಿಯುವ ಪಾಯಿಂಟಿನ ಗ್ಯಾಪ್ 0.4ರಿಂದ 0.5 ಮಿ.ಮೀ. ಒಳಗೆ ಇರಲಿ. ಪಾಯಿಂಟ್ ಸುಟ್ಟು ಒಂದು ಕಡೆ ಗುಳಿ, ಇನ್ನೊಂದು ಕಡೆ ಮೊನೆ ಎದ್ದಿದ್ದರೆ ಪಾಯಿಂಟ್ ಸುಡದಂತೆ ಕಾಯುವ ಕಂಡೆನ್ಸರನ್ನೂ ಸೇರಿಸಿ ಬದಲಿಸಿ.

ಇದರಲ್ಲಿ ಒಂದು ಮೋಸದ ಜಾಗ ಉಂಟು. ಪೆರ್ಲದಲ್ಲಿ ನಮ್ಮ ಸಂಬಂಧಿಕರೊಬ್ಬರ ಅಂಬಾಸಡರ್ ಹೀಗೇ ಮಾಡುತ್ತಿತ್ತು. ಒಂದು ಗ್ಯಾರೇಜಿನವರು ಹೊಸ ಕಾರ್ಬ್ಯುರೇಟರ್ ಹಾಕಿ ಬಿಲ್ ಕೊಟ್ಟರು, ಗಾಡಿ ಮುಗ್ಗರಿಸುವುದು ಬಿಡಲಿಲ್ಲ. ಕೊನೆಗೆ ಸಿಕ್ಕಿದ್ದು ಡಿಸ್ಟ್ರಿಬ್ಯೂಟರ್ ಒಳಗೆ ಪಾಯಿಂಟಿಗೆ ಹೋಗುವ ಬೆರಳುದ್ದದ ವಯರ್. ಹೊರಗಿನ ಹೊದಿಕೆ ಸರಿ ಇತ್ತು, ಒಳಗೆ ತಾಮ್ರದ ಎಳೆಗಳು ತುಂಡಾಗಿದ್ದವು. ಪೆಡಲ್ ಒತ್ತಿದಾಗ ವ್ಯಾಕ್ಯೂಮ್ ಬಿದ್ದು ಪಾಯಿಂಟ್ ಕೂತ ಪ್ಲೇಟ್ ಸರಿಯುತ್ತದೆ, ಆಗ ತುಂಡಾದ ತುದಿಗಳು ಬಿಟ್ಟುಕೊಂಡು ಕರೆಂಟ್ ತಪ್ಪುತ್ತದೆ. ನೋಡಿದವರಿಗೆ ಥೇಟ್ ಎಕ್ಸಲರೇಟರ್ ಪಂಪ್ ಹೋದ ಲಕ್ಷಣ. ಆ ವಯರನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲ ಎಳೆಯಿರಿ. ರಬ್ಬರಿನ ಹಾಗೆ ಹಿಗ್ಗಿದರೆ ಒಳಗೆ ತಾಮ್ರ ಇಲ್ಲ. ನಿಮ್ಮ ಡಿಸ್ಟ್ರಿಬ್ಯೂಟರಿಗೆ ಈ ಪ್ಲೇಟ್ ಸರಿಸುವ ವ್ಯಾಕ್ಯೂಮ್ ಡಬ್ಬಿ ಇದ್ದರೆ ಇದನ್ನು ನೋಡದೆ ಬಿಡಬೇಡಿ.

ಪೆಟ್ರೋಲಿನ ತೊಂದರೆಯೋ ಕರೆಂಟಿನ ತೊಂದರೆಯೋ ಎಂದು ಗೊಂದಲವಾದರೆ ಚೋಕ್ (ಗಾಳಿ ತಡೆದು ಮಿಶ್ರಣದಲ್ಲಿ ಪೆಟ್ರೋಲು ಹೆಚ್ಚಿಸುವ ಗುಂಡಿ) ಎಳೆದು ನೋಡಿ. ಇಂಜಿನ್ ಬಿಸಿಯಾದ ಮೇಲೆ, ಖಾಲಿ ರಸ್ತೆಯಲ್ಲಿ, ಮುಗ್ಗರಿಸುವ ಹೊತ್ತಿಗೆ ಚೋಕನ್ನು ಕಾಲುಭಾಗ ಎಳೆಯಿರಿ. ಸುಧಾರಿಸಿದರೆ ಪೆಟ್ರೋಲು ಸಾಲದು ಅಥವಾ ಎಲ್ಲೋ ಗ್ಯಾಸ್ಕೆಟ್ಟಿನಲ್ಲಿ ಗಾಳಿ ನುಗ್ಗುತ್ತಿದೆ. ಏನೂ ಬದಲಾಗದಿದ್ದರೆ ಪ್ಲಗ್, ಪಾಯಿಂಟ್ ಕಡೆ ತಿರುಗಿ. ಇನ್ನೂ ಹಾಳಾಗಿ ಕಪ್ಪು ಹೊಗೆ ಬಂದರೆ ಪೆಟ್ರೋಲು ಮೊದಲೇ ಹೆಚ್ಚಾಗಿದೆ. ಇನ್ನು ಇಂಜಿನ್ ಶಬ್ದ ಏರಿದರೂ ಗಾಡಿ ಮುಂದೆ ಹೋಗದಿದ್ದರೆ ಇದ್ಯಾವುದೂ ಅಲ್ಲ ಮಾರಾಯ್ರೆ, ಕ್ಲಚ್ ಪ್ಲೇಟ್ ಹೋಗಿದೆ.

ಇದನ್ನು ಓದುತ್ತಿರುವ ಮಾರಿಸ್ ಮೈನರ್‌ನವರಿಗೆ: ನಿಮ್ಮ ಎಸ್‌ಯು ಕಂಪನಿಯ ಕಾರ್ಬ್ಯುರೇಟರಿನಲ್ಲಿ ಈ ಎಕ್ಸಲರೇಟರ್ ಪಂಪೇ ಇಲ್ಲ. ಮೇಲಿನ ಬಿರಡೆ ತಿರುಗಿಸಿ, ಅದರ ಕೆಳಗಿನ ಡ್ಯಾಶ್‌ಪಾಟ್ ಎನ್ನುವ ಕೊಳವೆಯಲ್ಲಿ ಆಯಿಲ್ ಉಂಟಾ ನೋಡಿ. ಖಾಲಿಯಾಗಿದ್ದರೆ ಅದೇ ಕಾರಣ.

ಪಂಪ್ ಡಯಾಫ್ರಮ್ಮೇ ಹೋಗಿದ್ದರೆ ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ. ನೋಡಲು ಒಂದೇ ತರಹದವು ಎರಡು ಮೂರು ಬರುತ್ತವೆ, ನಡುವಿನ ಕಡ್ಡಿಯ ಉದ್ದದಲ್ಲಿ ವ್ಯತ್ಯಾಸ. ಮುಚ್ಚಳ ಹಾಕುವಾಗ ಲಿವರನ್ನು ಒತ್ತಿ ಹಿಡಿದುಕೊಂಡೇ ಸ್ಕ್ರೂಗಳನ್ನು ಎದುರುಬದುರಾಗಿ ಬಿಗಿ ಮಾಡಿ. ಇಲ್ಲದಿದ್ದರೆ ಹೊಸ ಡಯಾಫ್ರಮ್ ಬಿಗಿದುಕೊಂಡು ಪೂರ್ತಿ ಆಡುವುದಿಲ್ಲ, ಬೇಗ ಹರಿಯುತ್ತದೆ. ಎಥೆನಾಲಿಗೆ ತಡೆಯುವ ರಬ್ಬರಿನದ್ದು ಇದೆಯಾ ಎಂದು ಕೇಳಿ, ಇದ್ದರೆ ಅದನ್ನೇ ತನ್ನಿ.