ಕಿವಿಗೆ ಗೊತ್ತು, ಕಣ್ಣಿಗೆ ಗೊತ್ತಿಲ್ಲ

"ನೀನು ಕೇರಳದವನು, ಇಷ್ಟು ಚೆನ್ನಾಗಿ ಕನ್ನಡ ಎಲ್ಲಿ ಕಲಿತೆ?" ಅಂತ ಮೊನ್ನೆ ಕೇಳಿದೆಯಲ್ಲ. ಫೋನಿನಲ್ಲಿ ಸರಿಯಾಗಿ ಹೇಳಲು ಆಗಲಿಲ್ಲ.

ಕಲಿಯಲು ಎಲ್ಲಿಗೂ ಹೋಗಲಿಲ್ಲ ಮಾರಾಯ. ಕಾಸರಗೋಡು ಮೊದಲು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. 1956ರ ನವೆಂಬರ್ 1ಕ್ಕೆ ಕೇರಳ ಆಯಿತು. ನನ್ನ ಅಜ್ಜ ಅಡಿಕೆ ತೋಟ ಬಿಟ್ಟು ಕದಲಿದವರೇ ಅಲ್ಲ. ಚಂದ್ರಗಿರಿ ಹೊಳೆಯಿಂದ ಬಡಗಿನ ಭಾಗ ಮೈಸೂರು ರಾಜ್ಯಕ್ಕೆ, ಅಂದರೆ ಈಗಿನ ಕರ್ನಾಟಕಕ್ಕೆ, ಸೇರಬೇಕು ಅಂತ 1967ರಲ್ಲಿ ಗಡಿ ವಿವಾದ ನೋಡಿದ ಮಹಾಜನ ಆಯೋಗ ಹೇಳಿತು. ಅದು ಜಾರಿಗೆ ಬರಲೇ ಇಲ್ಲ.

ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ. ನಮಗೆ ಇದು ವಿಶೇಷವೇ ಅಲ್ಲ. ನನ್ನ ಕನ್ನಡ ಪುಸ್ತಕದ ಹಾಗಿದೆ ಅಂತೀಯಲ್ಲ, ಅದು ಮಾಷ್ಟ್ರ ಬಾಯಿಂದ, ಯಕ್ಷಗಾನದ ವೇಷಧಾರಿಗಳ ಬಾಯಿಂದ ಬಂದ ಕನ್ನಡ. "ಉಂಟು" ಅಂದರೆ ನಗುತ್ತೀಯ. ತುಳುವಿನಲ್ಲಿ ಅದು ಉಂಡು, ಮಲಯಾಳದಲ್ಲಿ ಉಂಡ್. ಹಾಲು, ಹುಲಿ, ಹಲ್ಲು ಮಲಯಾಳದಲ್ಲಿ ಪಾಲ್, ಪುಲಿ, ಪಲ್ಲ್. ಹಳಗನ್ನಡದಲ್ಲೂ ಪಾಲ್, ಪುಲಿ, ಪಲ್. ಆಮೇಲೆ ಬದಲಾದದ್ದು ಕನ್ನಡ. ಹಾಗಾಗಿ ಕಿವಿಗೆ ಮಲಯಾಳ ಕಷ್ಟ ಇಲ್ಲ.

ಕಷ್ಟ ಇರುವುದು ಕಣ್ಣಿಗೆ. ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಮಲಯಾಳ ಲಿಪಿ ಬರುವುದಿಲ್ಲ. ಕಾಗದಪತ್ರ ಬರುವುದು ಜಾಸ್ತಿ ಅದರಲ್ಲೇ. ಹೋದ ತಿಂಗಳು ಅಮ್ಮನ ಪಿಂಚಣಿ ಬಗ್ಗೆ ಒಂದು ನೋಟೀಸು ಬಂತು. ಅಮ್ಮ ಅದನ್ನು ದೇವರ ಫೋಟೋದ ಹಿಂದೆ ಜೋಪಾನವಾಗಿ ಇಟ್ಟಿದ್ದರು. ಕೊನೆಗೆ ಪಕ್ಕದ ಮನೆಯ ಆರನೇ ಕ್ಲಾಸಿನ ಹುಡುಗಿ ಜಗಲಿಯಲ್ಲಿ ಕೂತು, ಬೆರಳಿಟ್ಟು, ತಡವರಿಸುತ್ತಾ ಓದಿದಳು. ಅವಳಿಗೆ ಅರ್ಧ ಅರ್ಥ ಆಗಲಿಲ್ಲ, ನಮಗೆ ಪೂರ್ತಿ ಅರ್ಥ ಆಯಿತು. "ಮಸ್ಟರಿಂಗ್ ಮಾಡಿಸಬೇಕಂತೆ, ಅಷ್ಟೇ" ಅಂದರು ಅಮ್ಮ. ಬದುಕಿದ್ದೇನೆ ಅಂತ ಬೆರಳಚ್ಚು ಕೊಡುವ ಕೆಲಸ. ಕೊನೆಯ ದಿನ ದಾಟಿ ಎರಡು ದಿನ ಆಗಿತ್ತು.

ಕಚೇರಿಗೆ ಹೋಗಿ, ನೋಟೀಸು ಕನ್ನಡದಲ್ಲಿ ಕೊಡಿ ಅಂತ ಮಲಯಾಳದಲ್ಲೇ ಕೇಳಿದೆ. "ಇಷ್ಟು ಚೆನ್ನಾಗಿ ಮಾತಾಡ್ತೀರಿ, ಓದಲು ಬರುವುದಿಲ್ಲ ಅಂದರೆ ಹೇಗೆ?" ಅಂದರು. ಅವರಿಗೆ ನನ್ನ ಸ್ವರ ಕೇಳಿ ನಾನು ಮಲಯಾಳಿ. ನಿನಗೆ ನನ್ನ ವಿಳಾಸ ನೋಡಿ ನಾನು ಮಲಯಾಳಿ. ಎರಡೂ ಕಡೆ ನಾನೇ ರುಜುವಾತು ಕೊಡಬೇಕು, ಅದೇ ಬೇಜಾರು.

ಅರ್ಜಿಯನ್ನು ಕನ್ನಡದಲ್ಲೇ ಬರೆದೆ. ದೇಶದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ಅಹವಾಲು ಕೊಡಬಹುದು ಅಂತ ಸಂವಿಧಾನದ 350ನೇ ವಿಧಿ ಹೇಳುತ್ತದೆ. ಅಮ್ಮ ಕೆಳಗೆ ಕನ್ನಡದಲ್ಲಿ, ಅಕ್ಷರ ಅಕ್ಷರ ಬಿಡಿಸಿ ಸಹಿ ಹಾಕಿದರು. ಉತ್ತರ ಇನ್ನೂ ಬಂದಿಲ್ಲ. ಬಂದ ದಿನ ಆ ಹುಡುಗಿ ಶಾಲೆ ಬಿಟ್ಟು ಬರುವವರೆಗೆ ಕಾಯಬೇಕು.