ಬೇಟೆ ಆಡುವವರೇ ತಿಮಿಂಗಿಲ ಕಾಯುತ್ತಾರಾ?

ಪ್ರಶ್ನೆ: ಅಲಾಸ್ಕಾದ ಇನುಪಿಯಾಟ್ ಜನ ಈಗಲೂ ಬೋಹೆಡ್ ತಿಮಿಂಗಿಲ ಹಿಡಿಯುತ್ತಾರೆ, ಅದಕ್ಕೆ ಅನುಮತಿಯೂ ಇದೆ ಅಂತ ಓದಿದೆ. ಜೊತೆಗೆ ಅದನ್ನು ಉಳಿಸುತ್ತಿರುವವರೂ ಅವರೇ ಅಂತೆ! ಸುಮ್ನೆ ಬೇಟೆ ನಿಷೇಧಿಸಿದರೆ ಆಗುವುದಿಲ್ವಾ?
– ಓದುಗರೊಬ್ಬರು, ಕುಮಟಾ

ಉತ್ತರ: ನಿಷೇಧಿಸಿಯೂ ನೋಡಿದ್ದಾರೆ. 1977ರಲ್ಲಿ ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗ ಇವರ ಬೇಟೆಗಿದ್ದ ವಿನಾಯಿತಿಯನ್ನೇ ತೆಗೆದುಹಾಕಿತು. ಹೆಚ್ಚೆಂದರೆ ಎರಡು ಸಾವಿರ ಬೋಹೆಡ್ ಉಳಿದಿರಬಹುದು ಎಂಬುದು ಆಗಿನ ಲೆಕ್ಕ. 1848ರಿಂದ ಎಣ್ಣೆಗಾಗಿ ಹಡಗು ಕಟ್ಟಿಕೊಂಡು ಬಂದವರು ಬೇಕಾಬಿಟ್ಟಿ ಕೊಂದಿದ್ದರು. ಅದಕ್ಕೆ ಬೆಲೆ ತೆರಬೇಕಾಗಿ ಬಂದದ್ದು ಮಾತ್ರ ದಡದ ಹಳ್ಳಿಯವರಿಗೆ.

ಆದರೆ ಎಣಿಸಿದ್ದು ಹೇಗೆ ಗೊತ್ತಾ? ವಸಂತದಲ್ಲಿ ಅಲಾಸ್ಕಾದ ಉತ್ತರ ತುದಿಯ ಊರು ಬ್ಯಾರೋ (ಈಗಿನ ಹೆಸರು ಉಟ್ಕಿಯಾಗ್ವಿಕ್) ಹತ್ತಿರ ಹಿಮ ಬಿರುಕು ಬಿಟ್ಟು ನೀರಿನ ದಾರಿ ತೆರೆಯುತ್ತದೆ. ಅದರ ಅಂಚಿನಲ್ಲಿ ಕೂತು, ಉಸಿರಾಡಲು ಮೇಲೆ ಬಂದವನ್ನು ಕಣ್ಣಲ್ಲಿ ಎಣಿಸುತ್ತಿದ್ದರು. ಬೇಟೆಗಾರರು ಹೇಳಿದ್ದು ಒಂದೇ ಮಾತು: ನಿಮಗೆ ಕಾಣದವೇ ಜಾಸ್ತಿ. ಹಿಮದ ಅಡಿಯಲ್ಲೂ ಹೋಗುತ್ತವೆ, ದೂರದ ಕಡಲಲ್ಲೂ ಹೋಗುತ್ತವೆ. ಬೋಹೆಡ್‌ಗೆ ಬೆನ್ನಿನ ಮೇಲೆ ರೆಕ್ಕೆ ಇಲ್ಲ; ತಲೆಯಿಂದ ಎರಡಡಿ ದಪ್ಪದ ಹಿಮ ಒಡೆದು ಉಸಿರೆಳೆಯಬಲ್ಲದು. ಹಿಮ ಕಂಡು ಅದೇಕೆ ಹಿಂದೆ ಸರಿಯಬೇಕು?

ಈ ಜನಕ್ಕೆ ಕಡಲನ್ನು ಕಿವಿಯಿಂದ ತಿಳಿಯುವುದೂ ಗೊತ್ತು. ದೋಣಿಯ ಹುಟ್ಟನ್ನು ನೀರಿಗಿಳಿಸಿ ಹಿಡಿಗೆ ಕಿವಿಯಿಟ್ಟು ಒಳಗಿನ ಪ್ರಾಣಿಗಳ ಸದ್ದು ಕೇಳುತ್ತಿದ್ದರು. ವಿಜ್ಞಾನಿಗಳೂ 1980ರ ದಶಕದಲ್ಲಿ ಅದೇ ಮಾಡಿದರು, ಹುಟ್ಟಿನ ಬದಲು ನೀರೊಳಗಿನ ಮೈಕು. ಬೇಟೆ ತಂಡದ ನಾಯಕ ಹ್ಯಾರಿ ಬ್ರೋವರ್ ತಿಳಿಸಿಕೊಟ್ಟದ್ದನ್ನು ಪಶುವೈದ್ಯ ಟಾಮ್ ಆಲ್ಬರ್ಟ್ ಗಂಭೀರವಾಗಿ ತೆಗೆದುಕೊಂಡಿದ್ದರು. ಮೈಕಿನಲ್ಲಿ ಕೇಳಿದ್ದು ಬೇಟೆಗಾರರ ಮಾತೇ. ಕಣ್ಣಿಗೆ ಒಂದೂ ಕಾಣದ ಹೊತ್ತಿನಲ್ಲೂ ಹಿಮದಡಿ ಕೂಗುತ್ತಾ ಸಾಗುತ್ತಿದ್ದವು! 2011ರ ಎಣಿಕೆಯಲ್ಲಿ ಸಿಕ್ಕ ಅಂದಾಜು ಸುಮಾರು 17,000. ಇದರಲ್ಲಿ ಎಣಿಕೆ ಸರಿಹೋಗಿದ್ದೂ ಇದೆ, ನಿಜವಾಗಿ ಸಂತತಿ ಬೆಳೆದಿದ್ದೂ ಇದೆ.

ಹಾಗಂತ ಬೇಟೆಗಾರರದ್ದು ತಪ್ಪೇ ಇರಲಿಲ್ಲ ಅನ್ನಲಾರೆ. 1970ರ ದಶಕದಲ್ಲಿ ತಂಡಗಳು ಹೆಚ್ಚಾಗಿ, ಏಟು ತಿಂದು ಕೈತಪ್ಪಿ ಹೋಗುವ ತಿಮಿಂಗಿಲಗಳೂ ವಿಪರೀತವಾಗಿದ್ದವು. ನಿಷೇಧದ ವರ್ಷವೇ ನಾಯಕರು ಸೇರಿ ತಮ್ಮದೇ ಆಯೋಗ ಕಟ್ಟಿಕೊಂಡರು. 1981ರಲ್ಲಿ ಅಮೆರಿಕ ಸರ್ಕಾರದ ಸಾಗರ ಸಂಸ್ಥೆ ನೋವಾ ಅವರ ಜೊತೆ ಒಪ್ಪಂದ ಮಾಡಿಕೊಂಡಿತು. ಪೂರ್ತಿ ನಿಷೇಧದ ಬದಲು ಬಂದ ಮಿತಿಯಲ್ಲಿ ನನಗೆ ಹಿಡಿಸುವ ನಿಯಮ ಇದು: ಏಟು ಬಿದ್ದರೆ ಲೆಕ್ಕಕ್ಕೆ ಬಂತು. ತಿಮಿಂಗಿಲ ದಡ ಸೇರಲಿ, ತಪ್ಪಿಸಿಕೊಳ್ಳಲಿ, ಊರಿಗೆ ಗೊತ್ತುಮಾಡಿದ ಏಟುಗಳ ಪಾಲಿನಿಂದ ಒಂದು ಕಳೆಯಿತು. ಆಗ ಯಾರು ತಾನೇ ಅಂದಾಜಿಗೆ ಈಟಿ ಎಸೆಯುತ್ತಾರೆ? 2019ರಿಂದ 2025ರವರೆಗಿನ ಏಳು ವರ್ಷಕ್ಕೆ ಅಲಾಸ್ಕಾ ಮತ್ತು ರಷ್ಯಾದ ಚುಕೋಟ್ಕಾ ಸೇರಿ 392 ತಿಮಿಂಗಿಲವನ್ನಷ್ಟೇ ದಡ ಸೇರಿಸಲು ಅವಕಾಶ ಸಿಕ್ಕಿತು. ಮಾಂಸ ಮಾರುವಂತಿಲ್ಲ. ಊರಿಗೆಲ್ಲ ಹಂಚುತ್ತಾರೆ, ಜೂನ್‌ನ ನಲುಕಟಾಕ್ ಹಬ್ಬದಲ್ಲಿ ಬಂದವರಿಗೆಲ್ಲ ಪಾಲು.

ಈಗಿನ ತಲೆನೋವು ಈಟಿಯಲ್ಲ, ಸದ್ದು. ಹಿಮ ಕರಗಿದಷ್ಟೂ ಹಡಗು ಜಾಸ್ತಿ, ಜೊತೆಗೆ ಕಡಲತಳದಲ್ಲಿ ತೈಲ ಹುಡುಕುವವರ ಗದ್ದಲ. ಗದ್ದಲಕ್ಕೆ ತಿಮಿಂಗಿಲ ದಾರಿ ಬದಲಿಸುತ್ತದೆ, ದೋಣಿ ಇನ್ನೂ ದೂರ ಹೋಗಬೇಕಾಗುತ್ತದೆ. ಬೇಟೆಯ ಕಾಲದಲ್ಲಿ ಎಲ್ಲಿ, ಯಾವಾಗ ಯಂತ್ರ ನಿಲ್ಲಿಸಬೇಕು ಅಂತ ತೈಲ ಕಂಪನಿಗಳ ಜೊತೆ ಕೂತು ಒಪ್ಪಂದ ಬರೆಸಿಕೊಂಡವರೂ ಈ ಬೇಟೆಗಾರರೇ.