ಜೇನ್‌ವೇ–ಚಕೋಟೆ: ಪ್ರೀತಿ ಇತ್ತು, ಸ್ನಾನದ ತೊಟ್ಟಿಯೇ ಸಾಕ್ಷಿ

ನೀವು ಕೇಳಿದ್ದು: "ಸ್ಟಾರ್ ಟ್ರೆಕ್ ವಾಯೇಜರ್‌ನಲ್ಲಿ ಕ್ಯಾಪ್ಟನ್ ಜೇನ್‌ವೇ ಮತ್ತು ಚಕೋಟೆ ನಡುವೆ ನಿಜವಾಗಿ ಪ್ರೀತಿ ಇತ್ತಾ? ಇಲ್ಲ, ಎಲ್ಲ ಅಭಿಮಾನಿಗಳ ಕಲ್ಪನೆಯಾ?"

ಇತ್ತು. ಆದರೆ ಈ ಉತ್ತರಕ್ಕೆ ನಾನು ಒಬ್ಬನೇ ಬಂದಿದ್ದಲ್ಲ. ಅತ್ತೆಯ ಜೊತೆ ಒಂದು ಇಡೀ ಮಳೆಗಾಲ ವಾದ ಮಾಡಿ ಬಂದಿದ್ದು.

2020ರಲ್ಲಿ ಆಫೀಸಿನವರು ಮನೆಯಿಂದಲೇ ಕೆಲಸ ಮಾಡಿ ಅಂದಾಗ ಬೆಂಗಳೂರು ಬಿಟ್ಟು ಸೋಮವಾರಪೇಟೆ ಕಡೆ ಇರುವ ಅತ್ತೆ ಮನೆಗೆ ಹೋದೆ. ಮಾವ ಹೋದ ಮೇಲೆ ಕಾಫಿ ತೋಟವನ್ನು ಅತ್ತೆಯೇ ನೋಡಿಕೊಳ್ಳುತ್ತಾರೆ. ಮಳೆ ಹಿಡಿದರೆ ಅಲ್ಲಿ ನೆಟ್‌ವರ್ಕ್ ಸಿಗುವುದು ಗೇಟಿನ ಹತ್ತಿರ, ಅದೂ ಕೊಡೆ ಹಿಡಿದು ನಿಂತರೆ. ಅದಕ್ಕೇ ವಾಯೇಜರ್ ಅನ್ನುವ ಈ ಬಾಹ್ಯಾಕಾಶದ ಸೀರಿಯಲ್ಲನ್ನು ಲ್ಯಾಪ್‌ಟಾಪಿಗೆ ಮೊದಲೇ ಇಳಿಸಿಕೊಂಡಿದ್ದೆ. ಒಟ್ಟು ಏಳು ಸೀಸನ್, 172 ಕಂತು. ಅತ್ತೆ ಮಡಿಕೇರಿಯಲ್ಲಿ ಬಿ.ಎ. ಓದಿದವರು, ಸಬ್‌ಟೈಟಲ್ ಸಲೀಸಾಗಿ ಓದುತ್ತಾರೆ. ವಿಜ್ಞಾನದ ಮಾತು ಬಂದಾಗ ಮಾತ್ರ "ಏನೋ ಅದು?" ಅಂತ ನನ್ನನ್ನು ಕೇಳುತ್ತಿದ್ದರು. ನನಗೂ ಅರ್ಥವಾಗಿರುತ್ತಿರಲಿಲ್ಲ.

ನೋಡದವರಿಗೆ ಕತೆ ಇಷ್ಟು. ಜೇನ್‌ವೇ ವಾಯೇಜರ್ ಅನ್ನುವ ಬಾಹ್ಯಾಕಾಶ ಹಡಗಿನ ಕ್ಯಾಪ್ಟನ್. ಚಕೋಟೆ ಮಾಕಿ ಅನ್ನುವ ಬಂಡುಕೋರರ ಗುಂಪಿನವನು, ಅವನನ್ನು ಹಿಡಿಯಲೆಂದೇ ಅವಳು ಹೊರಟಿರುತ್ತಾಳೆ. ಎರಡೂ ಹಡಗುಗಳು ಮನೆಯಿಂದ 70,000 ಜ್ಯೋತಿರ್ವರ್ಷ ಆಚೆ ಹೋಗಿ ಬೀಳುತ್ತವೆ. ವಾಪಸ್ ಬರಲು ಸುಮಾರು 75 ವರ್ಷ ಬೇಕು. ಅವನ ಹಡಗು ನಾಶವಾಗುತ್ತದೆ. ಇಬ್ಬರ ಜನವೂ ಒಂದೇ ಹಡಗಿನಲ್ಲಿ ಬದುಕಬೇಕು. ಅವಳು ಅವನನ್ನೇ ತನ್ನ ನಂತರದ ಅಧಿಕಾರಿಯಾಗಿ ಮಾಡಿಕೊಳ್ಳುತ್ತಾಳೆ.

ಈಗ ಮುಖ್ಯ ಕಂತಿಗೆ ಬರುತ್ತೇನೆ. ಹೆಸರು 'ರೆಸಲ್ಯೂಷನ್ಸ್', ಎರಡನೇ ಸೀಸನ್, 1996ರ ಮೇ ತಿಂಗಳಲ್ಲಿ ಬಂದಿದ್ದು. ಬರೆದವರು ವಾಯೇಜರ್ ಕಟ್ಟಿದವರಲ್ಲಿ ಒಬ್ಬರಾದ ಜೆರಿ ಟೇಲರ್. ಒಂದು ಗ್ರಹದಲ್ಲಿ ಹುಳ ಕಚ್ಚಿ ಇಬ್ಬರಿಗೂ ಕಾಯಿಲೆ ಹತ್ತುತ್ತದೆ. ಆ ಗ್ರಹ ಬಿಟ್ಟರೆ ಸಾವು, ಅಲ್ಲೇ ಇದ್ದರೆ ಬದುಕು. ಹಡಗನ್ನು ಭದ್ರತಾ ಅಧಿಕಾರಿ ಟುವೋಕ್ ಕೈಗೆ ಕೊಟ್ಟು ಇವರಿಬ್ಬರೂ ಅಲ್ಲೇ ಉಳಿಯುತ್ತಾರೆ. ಅತ್ತೆ ಆಗಷ್ಟೇ ತೋಟದಿಂದ ಬಂದು ಕಾಲಿಗೆ ಹತ್ತಿದ ಜಿಗಣೆಗೆ ಉಪ್ಪು ಹಾಕುತ್ತಾ ಕೂತಿದ್ದರು. "ಒಂದು ಹುಳ ಕಚ್ಚಿದ್ದಕ್ಕೆ ಇಷ್ಟೆಲ್ಲನಾ?" ಅಂದರು.

ಅವಳು ಔಷಧಿ ಹುಡುಕುತ್ತಾ ಸಂಶೋಧನೆಯಲ್ಲಿ ಮುಳುಗುತ್ತಾಳೆ. ಅವನು ಮರಗೆಲಸಕ್ಕೆ ಇಳಿಯುತ್ತಾನೆ. ಒಂದು ದಿನ ಅವಳ ಕಣ್ಣಿಗೆ ಬೀಳುತ್ತದೆ, ಅವನು ಅವಳಿಗೆಂದೇ ಮಾಡಿದ ಸ್ನಾನದ ತೊಟ್ಟಿ. ಸ್ನಾನದ ತೊಟ್ಟಿ ಅಂದರೆ ಅವಳಿಗೆ ಎಷ್ಟು ಇಷ್ಟ ಅಂತ ಅವನಿಗೆ ಗೊತ್ತು.

ಅಭಿಮಾನಿಗಳು ಈ ಕಂತಿನ ಬಗ್ಗೆ ಮಾತಾಡುವಾಗ ಅವನು ಅವಳ ಕುತ್ತಿಗೆ ನೀವುವ ದೃಶ್ಯವನ್ನೇ ಹೇಳುತ್ತಾರೆ. ಅತ್ತೆಗೆ ಅದು ಲೆಕ್ಕಕ್ಕೇ ಬರಲಿಲ್ಲ. "ಕುತ್ತಿಗೆ ಯಾರು ಬೇಕಾದ್ರೂ ಒತ್ತುತ್ತಾರೆ. ಕೇಳದೆ ನೀರಿಗೆ ವ್ಯವಸ್ಥೆ ಮಾಡಿದ್ನಲ್ಲ, ಅದು ನೋಡು." ಜುಲೈ ತಿಂಗಳಲ್ಲಿ ಕೊಡಗಿನಲ್ಲಿ ಇದ್ದವರಿಗೆ ಈ ಮಾತು ವಿವರಿಸಬೇಕಾಗಿಲ್ಲ. ಬಚ್ಚಲ ಒಲೆಗೆ ಹಾಕಲು ಒಣ ಸೌದೆ ಸಿಗಲ್ಲ. ಅಟ್ಟದಲ್ಲಿಟ್ಟ ಕಾಫಿ ಗಿಡದ ಕಡ್ಡಿ ತಂದು, ಊದಿ ಊದಿ ಕಣ್ಣು ಕೆಂಪಾದ ಮೇಲೆ ಹಂಡೆ ನೀರು ಕಾಯುತ್ತದೆ. ತೋಟದಿಂದ ನೆಂದು ಬಂದವರಿಗೆ ಆ ನೀರು ರೆಡಿ ಇತ್ತು ಅಂದರೆ, ಮನೆಯಲ್ಲಿ ಯಾರೋ ಒಬ್ಬರು ಮಧ್ಯಾಹ್ನದಿಂದಲೇ ಇವರನ್ನು ನೆನೆಸಿಕೊಂಡಿದ್ದಾರೆ ಅಂತ ಅರ್ಥ.

ಆಮೇಲೆ ಆ ಕತೆಯ ದೃಶ್ಯ. ನಮ್ಮಿಬ್ಬರ ನಡುವೆ ಏನಿದೆ, ಗೆರೆ ಎಲ್ಲಿ ಎಳೆಯೋಣ ಅಂತ ಅವಳು ಕೇಳುತ್ತಾಳೆ. ಗೆರೆ ಎಳೆಯಲು ನನಗೆ ಬರಲ್ಲ, ಒಂದು ಕತೆ ಹೇಳುತ್ತೇನೆ ಅನ್ನುತ್ತಾನೆ. ನಮ್ಮ ಕುಲದ ಹಳೇ ಕತೆ: ಸಿಟ್ಟಿನ ಯೋಧನೊಬ್ಬ ಒಬ್ಬ ನಾಯಕಿಯ ಜೊತೆ ಸೇರುತ್ತಾನೆ, ಅವಳ ಹೊರೆ ಹಗುರ ಮಾಡುವುದೇ ತನ್ನ ಕೆಲಸ ಅಂದುಕೊಳ್ಳುತ್ತಾನೆ, ಕೊನೆಗೆ ಅವನಿಗೆ ನೆಮ್ಮದಿ ಸಿಗುತ್ತದೆ. ಅವಳ ಕಣ್ಣು ತುಂಬುತ್ತದೆ. ನಿಜವಾಗ್ಲೂ ಹಳೇ ಕತೆನಾ ಅಂತ ಕೇಳುತ್ತಾಳೆ. ಅಲ್ಲ, ಹೀಗೆ ಹೇಳಿದರೆ ಹೇಳೋದು ಸುಲಭ ಆಗುತ್ತೆ ಅನ್ನುತ್ತಾನೆ. ಇಬ್ಬರ ಬೆರಳುಗಳು ಹೆಣೆದುಕೊಳ್ಳುತ್ತವೆ. ಅಷ್ಟೇ, ಮುತ್ತಿಲ್ಲ. ಇದನ್ನು ನೋಡಿಯೂ 'ಬರೀ ಸ್ನೇಹ' ಅನ್ನುವವರ ಜೊತೆ ನಾನು ವಾದ ಮಾಡೋದು ಬಿಟ್ಟಿದ್ದೇನೆ.

ಔಷಧಿ ಸಿಕ್ಕಿ ಹಡಗು ವಾಪಸ್ ಬರುತ್ತದೆ. ಸಮವಸ್ತ್ರ ಹಾಕಿದ ತಕ್ಷಣ ಇಬ್ಬರೂ ಮತ್ತೆ 'ಕ್ಯಾಪ್ಟನ್', 'ಕಮಾಂಡರ್'. ಏನೂ ನಡೆದೇ ಇಲ್ಲ ಅನ್ನುವ ಹಾಗೆ. ನಾನು ಲ್ಯಾಪ್‌ಟಾಪ್ ಮುಚ್ಚಿ ಬೈದೆ. ಅತ್ತೆ ಮಾತ್ರ ಅವಳ ಪರ. "ಅವಳು ಇನ್ನೇನು ಮಾಡಬೇಕಿತ್ತು? ನೂರೈವತ್ತು ಜನ ದಿನಾ ಅವಳ ಮುಖ ನೋಡ್ತಾರೆ. ನಾಳೆ ಇವನನ್ನ ಸಾಯೋ ಜಾಗಕ್ಕೆ ಕಳಿಸಬೇಕಾದ್ರೆ? ಕಳಿಸದೆ ಬೇರೆಯವರನ್ನ ಕಳಿಸಿದ್ರೆ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಭೂಮಿಯ ಹತ್ತಿರ ಇದ್ದಿದ್ದರೆ ಒಬ್ಬರು ವರ್ಗಾವಣೆ ತಗೊಳ್ಳಬಹುದಿತ್ತು. ಇಲ್ಲಿ ಇರುವುದೇ ಒಂದು ಹಡಗು, ಅವಳ ಮೇಲಧಿಕಾರಿ ಅಂತ ಯಾರೂ ಇಲ್ಲ.

ಕ್ಯಾಮೆರಾದ ಹಿಂದೆಯೂ ಇದೇ ಜಗಳ ಇತ್ತು. ಸ್ಟಾರ್ ಟ್ರೆಕ್ ಸರಣಿಯೊಂದರಲ್ಲಿ ಹೆಣ್ಣೊಬ್ಬಳು ಮುಖ್ಯ ಪಾತ್ರದ ಕ್ಯಾಪ್ಟನ್ ಆಗಿದ್ದು ಅದೇ ಮೊದಲು. ಆ ಪಾತ್ರ ಮಾಡಿದ ಕೇಟ್ ಮುಲ್‌ಗ್ರೂ, ತನ್ನ ಕ್ಯಾಪ್ಟನ್ ಹಡಗಿನೊಳಗೆ ಪ್ರೇಮದಲ್ಲಿ ಬೀಳುವುದು ಬೇಡ ಅನ್ನುವ ಪಕ್ಷದವರು. ಅರವತ್ತರ ದಶಕದ ಮೊದಲ ಸ್ಟಾರ್ ಟ್ರೆಕ್‌ನಲ್ಲಿ ಕ್ಯಾಪ್ಟನ್ ಕರ್ಕ್ ಗ್ರಹಕ್ಕೊಬ್ಬಳನ್ನು ಪ್ರೀತಿಸಿದಾಗ ಅವನ ಅಧಿಕಾರದ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಅದು ಬೇರೆ ವಿಷಯ, ಬಿಡಿ.

ಇನ್ನೊಂದು ಕಾರಣ ಆ ಕಾಲದ ಟೀವಿ. ಒಂದು ಕಂತಿನಲ್ಲಿ ಏನೇ ಆಗಲಿ, ಮುಂದಿನ ವಾರಕ್ಕೆ ಎಲ್ಲ ಮೊದಲಿನಂತೆ ಆಗಬೇಕು. 'ಇಯರ್ ಆಫ್ ಹೆಲ್' ನೋಡಿ, 1997ರದ್ದು. ಹಡಗು ಚಿಂದಿಯಾಗಿದೆ, ಊಟಕ್ಕೂ ಲೆಕ್ಕ. ಅವಳ ಹುಟ್ಟುಹಬ್ಬಕ್ಕೆ ಅವನು ಹಳೇ ಕಾಲದ ಜೇಬು ಗಡಿಯಾರದ ನಕಲು ಮಾಡಿಸಿ ಕೊಡುತ್ತಾನೆ. ಇದಕ್ಕೆ ಹೋದ ಶಕ್ತಿಯಲ್ಲಿ ಒಂದು ಊಟ ಆಗುತ್ತಿತ್ತು ಅಂತ ಅವಳು ಅದನ್ನು ಹಿಂದಿರುಗಿಸುತ್ತಾಳೆ. ಮುಂದೆ ಅವನು ಜೊತೆಯಲ್ಲಿಲ್ಲದಾಗ ಅದೇ ಗಡಿಯಾರ ಅವಳಿಗೆ ಸಿಗುತ್ತದೆ, ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾಳೆ. ಕಂತಿನ ಕೊನೆಗೆ ಕಾಲವೇ ಹಿಂದಕ್ಕೆ ತಿರುಗಿ, ಇದ್ಯಾವುದೂ ಯಾರಿಗೂ ನೆನಪಿರಲ್ಲ. ನೋಡಿದ ನಮಗೆ ಮಾತ್ರ ನೆನಪು!

ಏಳನೇ ಸೀಸನ್ನಿನ 'ಶ್ಯಾಟರ್ಡ್' ಕಂತಿನಲ್ಲಿ ಪ್ರಶ್ನೆಯನ್ನು ಅವಳೇ ಕೇಳುತ್ತಾಳೆ. ಹಡಗಿನಲ್ಲಿ ಕಾಲವೇ ಒಡೆದು ಚಕೋಟೆಗೆ ಎದುರಾದ ಏಳು ವರ್ಷ ಹಿಂದಿನ ಜೇನ್‌ವೇ, ನಾವು ಮುಂದೆ ಎಷ್ಟು ಹತ್ತಿರ ಆಗುತ್ತೇವೆ ಅನ್ನುತ್ತಾಳೆ. ಕೆಲವು ಗೋಡೆಗಳನ್ನು ನಾವು ಯಾವತ್ತೂ ದಾಟಲ್ಲ ಅನ್ನುತ್ತಾನೆ. ಗೋಡೆ ಇತ್ತು ಅಂತ ಅವನ ಬಾಯಲ್ಲೇ ಬಂತು. ಏನೂ ಇಲ್ಲದ ಕಡೆ ಯಾರಾದರೂ ಗೋಡೆಯ ಮಾತಾಡುತ್ತಾರಾ?

ಹಾಗಾಗಿ ಇಬ್ಬರೂ ಸೇರಲಿಲ್ಲ ಅನ್ನೋದು ನನಗೆ ಈಗ ಬೇಜಾರಿಲ್ಲ. ಅತ್ತೆ ಗೆದ್ದರು ಅಂತ ಒಪ್ಪುತ್ತೇನೆ. ನನ್ನ ಸಿಟ್ಟು ಇರುವುದು 2001ರ ಮೇ ತಿಂಗಳ ಕೊನೇ ಕಂತು 'ಎಂಡ್‌ಗೇಮ್' ಮೇಲೆ. ಅಲ್ಲಿ ಚಕೋಟೆ ಇದ್ದಕ್ಕಿದ್ದಂತೆ ಹಡಗಿನಲ್ಲೇ ಇದ್ದ ಸೆವೆನ್ ಆಫ್ ನೈನ್ ಅನ್ನುವವಳ ಜೊತೆ ಪಿಕ್‌ನಿಕ್ ಬುಟ್ಟಿ ಹಿಡಿದು ಬರುತ್ತಾನೆ. ಅದಕ್ಕೆ ಮೊದಲು 'ಹ್ಯೂಮನ್ ಎರರ್' ಕಂತಿನಲ್ಲಿ ಸೆವೆನ್ ಕಂಪ್ಯೂಟರ್ ಮಾಡಿದ ಅವನ ನಕಲಿ ರೂಪದ ಜೊತೆ ಸಲುಗೆಯ ಅಭ್ಯಾಸ ಮಾಡಿದ್ದು ಬಿಟ್ಟರೆ ಈ ಜೋಡಿಗೆ ಬುಡವೇ ಇಲ್ಲ. ಗಿಡ ನೆಟ್ಟವರು ಒಂದು ಕಡೆ, ಹಣ್ಣು ಕುಯ್ದಿದ್ದು ಇನ್ನೊಂದು ಕಡೆ. ಉತ್ತರ ಹೇಳದೆ ಬಿಟ್ಟಿದ್ದರೆ ನಾವು ಸುಮ್ನೆ ಇರುತ್ತಿದ್ದೆವು.

ನೀವು ಹೊಸದಾಗಿ ನೋಡುವವರಾದರೆ 'ರೆಸಲ್ಯೂಷನ್ಸ್' ಮೊದಲು ನೋಡಿ, ನಾಲ್ಕನೇ ಸೀಸನ್ನಿನ 'ಹಂಟರ್ಸ್' ಆಮೇಲೆ. ಭೂಮಿಯಲ್ಲಿದ್ದ ಅವಳ ಭಾವೀ ಗಂಡ ಬೇರೆ ಮದುವೆ ಆದ ಅಂತ ಕಾಗದ ಬರುವುದು ಅದರಲ್ಲೇ. ಇನ್ನೂ ಬೇಕಾದಷ್ಟು ಸಮಯ ಇದೆ ಅಂತ ಚಕೋಟೆ ಹೇಳುವುದೂ ಅದರಲ್ಲೇ. ಸ್ಟಾರ್ ಟ್ರೆಕ್‌ನದೇ ಕಾರ್ಟೂನ್ ಸರಣಿ 'ಪ್ರಾಡಿಜಿ'ಯಲ್ಲಿ ಜೇನ್‌ವೇ ಕಳೆದುಹೋದ ಚಕೋಟೆಯನ್ನು ಹುಡುಕಿಕೊಂಡು ಹೊರಡುತ್ತಾಳೆ. ಅದನ್ನು ಅತ್ತೆಗೆ ಫೋನಿನಲ್ಲಿ ಹೇಳಿದೆ.

'ಎಂಡ್‌ಗೇಮ್' ಹಾಕಿದ ರಾತ್ರಿ ಪಿಕ್‌ನಿಕ್ ದೃಶ್ಯ ಬಂದಾಗಲೇ ಅತ್ತೆ ಎದ್ದಿದ್ದರು. "ನೀನು ನೋಡು, ನಾನು ಹಂಡೆಗೆ ಎರಡು ಸೌದೆ ಹಾಕಿ ಬರ್ತೀನಿ." ಹಡಗು ಭೂಮಿ ಮುಟ್ಟುವವರೆಗೂ ವಾಪಸ್ ಬರಲಿಲ್ಲ.